ಖಾಲಿ ಹೋದ ತಟ್ಟೆ

ಸೆಸಿಲ್ ಬಾಯಿ ತಾನು ತಂದ ಕುಸ್ವಾರನ್ನು ಬಾಳೆಲೆಯ ತುಂಡಿನ ಮೇಲೆ ಸುರಿದು, ತಟ್ಟೆಯನ್ನು ಸೆರಗಿನಿಂದ ಒರೆಸಿ, ಕಂಕುಳಲ್ಲಿ ಇರುಕಿಸಿಕೊಂಡು ಹೊರಟೇಬಿಟ್ಟಳು. "ನಿಲ್ಲು ಮಾರಾಯ್ತಿ, ತಟ್ಟೆಗೆ ಒಂದಿಷ್ಟು ಸಕ್ಕರೆ ಹಾಕಿ ಕೊಡ್ತೇನೆ" ಎಂದು ಜುಲಿಯಾನಾ ಡಬ್ಬದ ಮುಚ್ಚಳ ತೆಗೆಯುವಷ್ಟರಲ್ಲಿ ಅವಳು ಅಂಗಳ ದಾಟಿ ಆಗಿತ್ತು. "ಇರಲಿ ಅಕ್ಕ, ಇರಲಿ" ಎಂದಳು. ಆದರೆ ಅದನ್ನು ಹೇಳಿದ್ದು ಅಂಗಳದಾಚೆಯ ಗೇರುಮರಕ್ಕೆ. ತಿರುಗಿ ನೋಡಲಿಲ್ಲ.

ಆ ಊರಿನ ಕ್ರೈಸ್ತರ ಮನೆಗಳಲ್ಲಿ ತಟ್ಟೆ ಖಾಲಿ ಹಿಂದಿರುಗುವ ಕ್ರಮವಿಲ್ಲ. ಕ್ರಿಸ್ಮಸ್ಸಿಗೆ ಮಾಡುವ ನೆವ್ರಿ, ಕಿಡಿಯೊ, ಚಕ್ಕುಲಿ, ಲಾಡುಗಳಿಗೆಲ್ಲ ಸೇರಿ ಕುಸ್ವಾರ್ ಎಂದು ಹೆಸರು. ನೆವ್ರಿ ತಂದವರ ತಟ್ಟೆಗೆ ಚಕ್ಕುಲಿ ಹಾಕಬೇಕು, ಚಕ್ಕುಲಿ ತಂದವರದಕ್ಕೆ ನೆವ್ರಿ. ಏನೂ ಇಲ್ಲದವರಾದರೆ ಚಿಟಿಕೆ ಸಕ್ಕರೆಯಾದರೂ ಸರಿ. ಅದರಲ್ಲೂ ಈ ಸೆಸಿಲ್ ಬಾಯಿ ಕೊಟ್ಟದ್ದಕ್ಕಿಂತ ಒಂದು ತುಂಡು ಹೆಚ್ಚು ಪಡೆಯದೆ ಯಾರ ಮೆಟ್ಟಿಲೂ ಇಳಿದವಳಲ್ಲ. ತಟ್ಟೆ ಖಾಲಿ ಹೋಗುವುದು ಒಂದು ಬಗೆಯ ಮನೆಯಿಂದ ಮಾತ್ರ. ಸಾವಾದ ಮನೆಯಲ್ಲಿ ಆ ವರ್ಷ ಎಣ್ಣೆಯ ಬಾಣಲೆ ಒಲೆಗೇರುವುದಿಲ್ಲ, ನಕ್ಷತ್ರ ತೂಗುವುದಿಲ್ಲ. ನೆರೆಯವರೇ ಹಬ್ಬಕ್ಕೆ ಮೊದಲು ಕುಸ್ವಾರ್ ತಂದು ಬಾಳೆಲೆಗೆ ಸುರಿಯುತ್ತಾರೆ. ಅಲ್ಲಿಂದ ಏನನ್ನೂ ಮರಳಿ ಒಯ್ಯುವುದಿಲ್ಲ.

ಜುಲಿಯಾನಾ ಸಕ್ಕರೆ ಹಿಡಿದ ಮುಷ್ಟಿ ಬಿಚ್ಚದೆ ಬಾಗಿಲಲ್ಲೇ ನಿಂತಳು. ಅವಳ ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಈಗ ಮನೆಯಲ್ಲಿದ್ದವರು ಅವಳು ಮತ್ತು ತುಂಬು ಬಸುರಿ ಸೊಸೆ ಲಿಡ್ವಿನ್. ಒಬ್ಬನೇ ಮಗ ಲಿಗೋರಿ ಬಹ್ರೇನಿನಲ್ಲಿ ಕಟ್ಟಡದ ಕೆಲಸದಲ್ಲಿದ್ದ.

"ಮಾಂಯ್, ಯಾರು ಬಂದದ್ದು?" ಲಿಡ್ವಿನ್ ಒಳಗಿನಿಂದ ಕೇಳಿದಳು. ಅತ್ತೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

"ಸೆಸಿಲ್. ಕುಸ್ವಾರ್ ತಂದಳು."

"ಇಷ್ಟು ಬೇಗ? ಹಬ್ಬಕ್ಕೆ ಇನ್ನೂ ದಿನ ಉಂಟಲ್ಲ!"

"ಮನೆಯಲ್ಲಿ ಬಸುರಿ ಇದ್ದಾಳೆ, ನಿಮಗೆ ಈ ಸಲ ಎಣ್ಣೆಯ ಹೊಗೆ ಯಾಕೆ ಅಂತ ತಂದಳಂತೆ."

"ತಟ್ಟೆಗೆ ಏನು ಹಾಕಿದಿರಿ?"

ಜುಲಿಯಾನಾ ತನ್ನ ಮುಷ್ಟಿ ನೋಡಿಕೊಂಡಳು. "ಸಕ್ಕರೆ" ಎಂದಳು. ಯಾಕೆ ಸುಳ್ಳು ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

ಲಿಡ್ವಿನ್‌ಗೆ ಇದು ಎರಡನೆಯ ಬಸಿರು. ಮೊದಲನೆಯ ಸಲ ತುಂಬಿದ ಹೊಟ್ಟೆಯಲ್ಲಿ ಅವಳು ಬೀಸುವ ಕಲ್ಲಿನ ಮುಂದೆ ಕೂತಿದ್ದಾಗ, ತವರಿನಿಂದ ಬಂದವನೊಬ್ಬ ಹಿಂದುಮುಂದು ನೋಡದೆ ಅಂಗಳದಿಂದಲೇ ಕೂಗಿ ಹೇಳಿದ್ದ: ನಿನ್ನ ಅಪ್ಪ ಹೋದರು. ಅವಳು ಅಳಲೂ ಇಲ್ಲ. ಅಲ್ಲೇ ನೋವು ಕಾಣಿಸಿಕೊಂಡು, ಸಂಜೆಯೊಳಗೆ ಉಸಿರಿಲ್ಲದ ಮಗು ಹುಟ್ಟಿತು. ಈ ಸಲ ದೊಡ್ಡ ಶಬ್ದಕ್ಕೂ ಬೆಚ್ಚಬಾರದು, ಮನಸ್ಸಿಗೆ ಪೆಟ್ಟಾಗಬಾರದು ಎಂದು ಬೆಳ್ತಂಗಡಿಯ ಡಾಕ್ಟರಮ್ಮ ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ಹೆರಿಗೆ ಹಬ್ಬ ಕಳೆದ ಮೇಲೆ. ಲಿಗೋರಿ ಮಗುವಿನ ನಾಮಕರಣಕ್ಕೆ ಬರುವವನಿದ್ದ.

ಇಷ್ಟಾದರೆ ಜುಲಿಯಾನಾ ಸೆಸಿಲಳನ್ನು ನಾಲ್ಕು ಮಾತು ಬೈದು ಮರೆತುಬಿಡುತ್ತಿದ್ದಳೋ ಏನೋ. ಆದರೆ ಸೂಜಿ ಚುಚ್ಚಿದ ಮೇಲೆ ದಾರ ಬರಲೇಬೇಕಲ್ಲ. ಮರುದಿನ ಇನಾಸ್ ಗುರ್ಕಾರರು ತಾವೇ ಒಂದು ಹೊರೆ ಮುಳಿಹುಲ್ಲು ಹೊತ್ತು ತಂದರು. ಅವರು ಇಗರ್ಜಿಯ ಕಡೆಯಿಂದ ಆ ವಾಡೆಯ ಹಿರಿಯರು; ಇನ್ನೊಬ್ಬರ ತಲೆಯ ಮೇಲೆ ಹೊರೆ ಹೊರಿಸಿಯೇ ಅಭ್ಯಾಸ. "ಗೋದಲಿಗೆ ಬೇಕಾಗ್ತದಲ್ಲ" ಎಂದು ಹುಲ್ಲು ಇಳಿಸಿದರು. ಕಾಫಿ ಬೇಡವೆಂದರು. ಕಾಫಿ ಬೇಡವೆಂದ ಗುರ್ಕಾರರನ್ನು ಆ ಊರಿನಲ್ಲಿ ಯಾರೂ ಕಂಡವರಿಲ್ಲ. ಹೋಗುವಾಗ ಲಿಡ್ವಿನ್‌ಳ ತಲೆಯ ಮೇಲೆ ಕೈ ಇಟ್ಟು ಅವರು ಏನೋ ಹೇಳಹೊರಟು ಕೆಮ್ಮಿದರು.

"ಈ ಸಲ ಎಲ್ಲರೂ ಎಷ್ಟು ಒಳ್ಳೆಯವರಾಗಿದ್ದಾರೆ, ಅಲ್ವಾ ಮಾಂಯ್?" ಎಂದಳು ಲಿಡ್ವಿನ್.

ಜುಲಿಯಾನಾ ಹುಲ್ಲಿನ ಹೊರೆಯನ್ನು ಮೂಲೆಗೆ ಸರಿಸಿದಳು. ಊರು ಒಮ್ಮೆಗೇ ಒಳ್ಳೆಯದಾದರೆ ಹೆದರಬೇಕು ಎಂದು ಅವಳ ತಾಯಿ ಹೇಳುತ್ತಿದ್ದಳು. ಪೇಟೆಯಲ್ಲಿ ಮೈದಾ ಕೊಳ್ಳಲು ಹೋದಾಗ ಅಂಗಡಿಯ ಮುಂದಿನ ಮಾತು ಅವಳನ್ನು ಕಂಡೊಡನೆ ನಿಂತಿತು. ಅಂಗಡಿಯ ಕಮಲಾಕ್ಷ ಹೇಳಿದ್ದಕ್ಕಿಂತ ಹೆಚ್ಚು ತೂಗಿದ. ಬಹ್ರೇನಿನಲ್ಲಿ ಲಿಗೋರಿಯ ಜೊತೆ ಒಂದೇ ಕೋಣೆಯಲ್ಲಿರುವ ಅಬ್ದುಲ್ ಮಜೀದ್ ಊರಿಗೆ ಬಂದಿದ್ದಾನೆಂದು ಕೇಳಿದ್ದೂ ಅಲ್ಲೇ. ಅದೂ ಬಾಯ್ತಪ್ಪಿ ಬಂದ ಮಾತು. ಹೇಳಿದವನು ತಕ್ಷಣ ನಾಲಗೆ ಕಚ್ಚಿಕೊಂಡ.

ಮಜೀದ್ ಬಂದಿದ್ದಾನೆ! ಹಿಂದಿನ ಸಲ ಬಂದವನು ತನ್ನ ಮನೆಗೆ ಹೋಗುವ ಮೊದಲೇ ಇವಳ ಅಂಗಳಕ್ಕೆ ಬಂದು, "ಬಾಯಮ್ಮ, ನಿಮ್ಮ ಮಗ ಕಳಿಸಿದ್ದು" ಎಂದು ಪೆಟ್ಟಿಗೆ ಇಳಿಸಿದ್ದ. ಅದರಲ್ಲಿ ಟೇಪ್ ರೆಕಾರ್ಡರ್, ಮಿಣುಕುವ ಬಣ್ಣದ ಬಲ್ಬುಗಳ ಮಾಲೆ, ಪ್ಲಾಸ್ಟಿಕ್ಕಿನ ನಕ್ಷತ್ರ ಇದ್ದವು. ಈಗ ಗುಡ್ಡದ ಕೆಳಗೆ ಕೂಗಳತೆಯಲ್ಲೇ ಇದ್ದೂ ಬಂದಿಲ್ಲ.

ಅವಳು ಮೈದಾದ ಪೊಟ್ಟಣ ಹಿಡಿದುಕೊಂಡೇ ಗುಡ್ಡ ಇಳಿದಳು.

ಮಜೀದನ ತಾಯಿ ಖದೀಜ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಪೆರ್ನಾಳ್ ಹಬ್ಬಕ್ಕೆ ಖದೀಜಳ ಮನೆಯ ಪತ್ತಿರ್ ರೊಟ್ಟಿ ಗುಡ್ಡದ ಮೇಲಕ್ಕೆ, ಕ್ರಿಸ್ಮಸ್ಸಿಗೆ ಜುಲಿಯಾನಾಳ ಕುಸ್ವಾರ್ ಕೆಳಕ್ಕೆ; ಎರಡೂ ಮನೆಗಳ ನಡುವೆ ಅದು ಎಂದೂ ತಪ್ಪಿದ್ದಲ್ಲ. ಜುಲಿಯಾನಾಳನ್ನು ಕಂಡವಳೇ ಎದ್ದಳು. ಮಡಿಲಲ್ಲಿದ್ದ ಮೊರ ಜಾರಿ ಹೊಗೆಸೊಪ್ಪು ನೆಲಕ್ಕೆ ಚೆಲ್ಲಿತು.

"ಮಜೀದ ಎಲ್ಲಿ?"

"ಅವ... ಮಂಗಳೂರಿಗೆ ಹೋಗಿದ್ದಾನೆ ಬಾಯಮ್ಮ."

"ಚಪ್ಪಲಿ ಇಲ್ಲೇ ಬಿಟ್ಟು ಹೋದನಾ?"

ಹೊಸ್ತಿಲ ಬಳಿ ಪರದೇಶದ ಚಪ್ಪಲಿಗಳು ಅಚ್ಚುಕಟ್ಟಾಗಿ ಕೂತಿದ್ದವು. ಖದೀಜ ಅವುಗಳನ್ನು ನೋಡಿ ಬಾಯಿಗೆ ಸೆರಗು ತುರುಕಿಕೊಂಡಳು. ಒಳಗಿನಿಂದ ಮಜೀದ್ ತಾನಾಗಿಯೇ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

"ನೀನು ನಿಂತುಕೊಂಡೇ ಹೇಳು ಮಜೀದ. ನಾನು ಕೂತುಕೊಳ್ತೇನೆ" ಎಂದಳು ಜುಲಿಯಾನಾ. ಜಗಲಿಯ ಅಂಚಿನಲ್ಲಿ ಕೂತು, ಮೈದಾದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡಳು.

"ಮೇಲಿನ ಹಲಗೆ ಜಾರಿತು, ಬಾಯಮ್ಮ. ನಾನು ಕೆಳಗೆ ಇದ್ದೆ." ಮಜೀದ್ ಹೊಸ್ತಿಲ ಬಳಿಯ ಚಪ್ಪಲಿಗಳನ್ನು ನೋಡುತ್ತ ಹೇಳಿದ. ಮತ್ತೆ, "ತುಂಬ ಹೊತ್ತು ನೋವು ತಿನ್ನಲಿಲ್ಲ" ಎಂದ.

ಗುಡ್ಡದ ಮೇಲೆಲ್ಲೋ ಯಾರದೋ ಮನೆಯಲ್ಲಿ ಕ್ರಿಸ್ಮಸ್ಸಿನ ಪದಗಳ ಕ್ಯಾಸೆಟ್ಟು ಹಾಡುತ್ತಿತ್ತು. ಜುಲಿಯಾನಾ ಅದನ್ನೇ ಕೇಳುತ್ತಿರುವವಳಂತೆ ಕೂತಿದ್ದಳು.

"ಪಾದ್ರಿ ಇದ್ದರಾ ಅಲ್ಲಿ? ಕೊನೆಗೆ?"

"ಎಲ್ಲಿಯ ಪಾದ್ರಿ ಬಾಯಮ್ಮ, ಆ ಬಿಸಿಲಿನಲ್ಲಿ. ನಾನೇ ಅವನ ತಲೆ ತೊಡೆ ಮೇಲೆ ಇಟ್ಟುಕೊಂಡು ಕಿವಿಯಲ್ಲಿ ಪ್ರಾರ್ಥನೆ ಹೇಳಿದೆ. ನಮ್ಮದು. ನಿಮ್ಮದು ನನಗೆ ಬರುವುದಿಲ್ಲ." ಅವನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ.

"ಸಾಕು, ಮಗ. ಅವನಿಗೆ ಕೇಳಿರ್ತದೆ."

ಆಮೇಲೆ ಮಜೀದ್ ಉಳಿದದ್ದನ್ನು ಹೇಳಿದ. ದೇಹವನ್ನು ಕಂಪೆನಿಯವರು ಕಳಿಸುತ್ತಾರೆ, ಹಬ್ಬ ಕಳೆದೇ ಬರುವುದು. ಪಾದ್ರಿಗೂ ಗುರ್ಕಾರರಿಗೂ ತಿಳಿಸಿದ್ದೇನೆ. ಲಿಡ್ವಿನಕ್ಕನಿಗೆ ಹೆರಿಗೆಯಾಗುವ ತನಕ ಆ ಮನೆಗೆ ಗೊತ್ತಾಗಬಾರದು, ಯಾರೂ ಬಾಯಿ ಬಿಡಬಾರದೆಂದು ಅವರೇ ಕಟ್ಟಪ್ಪಣೆ ಮಾಡಿದ್ದು. ಜುಲಿಯಾನಾಳಿಗೆ ನಗು ಬಂದಂತಾಯಿತು. ಬಾಯಿಗೇನೋ ಎಲ್ಲರೂ ಬೀಗ ಹಾಕಿಕೊಂಡರು. ಆದರೆ ಸೆಸಿಲಳ ಕೈ ಅಷ್ಟು ವರ್ಷಗಳ ಅಭ್ಯಾಸದ ಕೈ, ಅದು ಸಾವಾದ ಮನೆಯಿಂದ ತಟ್ಟೆಯನ್ನು ಖಾಲಿಯೇ ಎತ್ತಿಕೊಂಡು ಹೋಯಿತು.

"ಅಳಿ ಬಾಯಮ್ಮ, ಇಲ್ಲಿ ಅಳಿ" ಎಂದು ಖದೀಜ ಅವಳ ಬೆನ್ನು ಹಿಡಿದುಕೊಂಡಳು. "ಅಲ್ಲಿಗೆ ಹೋದರೆ ಆಗುವುದಿಲ್ಲ ನಿಮಗೆ."

"ಇಲ್ಲಿ ಅತ್ತರೆ ಕಣ್ಣು ಕೆಂಪಾಗ್ತದೆ ಖದೀಜ. ಅವಳು ನೋಡ್ತಾಳೆ." ಜುಲಿಯಾನಾ ಎದ್ದು ತೋಡಿನ ನೀರಲ್ಲಿ ಮುಖ ತೊಳೆದಳು. ಮೈದಾದ ಪೊಟ್ಟಣ ಎತ್ತಿಕೊಂಡು ಗುಡ್ಡ ಹತ್ತಿದಳು.

ಕತ್ತಲು ಕವಿಯುತ್ತಿತ್ತು. ಲಿಡ್ವಿನ್ ಜಗಲಿಯ ಮೂಲೆಯಲ್ಲಿ ಗೋದಲಿ ಕಟ್ಟಿ ಮುಗಿಸಿದ್ದಳು. ಮುಳಿಹುಲ್ಲಿನ ಮಾಡು, ತೆಂಗಿನ ಚಿಪ್ಪುಗಳಲ್ಲಿ ಮೊಳೆಸಿದ ಭತ್ತದ ಸಸಿಗಳ ಗದ್ದೆ, ಹಳೆಯ ಮಣ್ಣಿನ ಬೊಂಬೆಗಳು. ಸುತ್ತ ಲಿಗೋರಿ ಕಳಿಸಿದ ಬಲ್ಬುಗಳು ಹತ್ತಿ ಆರುತ್ತಿದ್ದವು. ಈ ಮಿಣುಕುದೀಪ ಬಂದ ವರ್ಷ ಜುಲಿಯಾನಾ ಸಿಡಿಮಿಡಿಗೊಂಡಿದ್ದಳು. "ಇದೇನು ಹಬ್ಬವಾ, ನಾಟಕದವರ ಡೇರೆಯಾ? ಹುಟ್ಟಿದ ಮಗುವಿಗೆ ನಿದ್ದೆ ಬರುವುದು ಬೇಡವಾ?" ಎಂದು ಕೇಳಿದ್ದಳು. ಅವಳ ಕಾಲದಲ್ಲಿ ಕ್ರಿಸ್ಮಸ್ ಎಂದರೆ ಉಪವಾಸ, ತೇರ್ಸದ ಜಪಮಾಲೆ, ಒಂದು ಮೇಣದ ಬತ್ತಿ. ಈಗ ಕ್ಯಾಸೆಟ್ಟು, ಕೆಂಪು ಟೊಪ್ಪಿ, ಮುಖವಾಡ. ಇದರಲ್ಲಿ ದೇವರು ಎಲ್ಲಿದ್ದಾನೆಂದು ಅವಳು ಪಾದ್ರಿಯನ್ನೇ ಕೇಳಿದವಳು. ಪಾದ್ರಿ ನಕ್ಕು ಮಾತು ಹಾರಿಸಿದ್ದರು.

"ಎಷ್ಟು ಹೊತ್ತು ಮಾಂಯ್! ಬನ್ನಿ, ಕೂತುಕೊಳ್ಳಿ. ಕೇಳುವ" ಎಂದು ಲಿಡ್ವಿನ್ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು.

ಪತ್ರ ಬರೆಯಲು ಸೋಮಾರಿಯಾದ ಲಿಗೋರಿ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಸಂಜೆಯಾದರೆ ಲಿಡ್ವಿನ್‌ಗೆ ಅದನ್ನು ಕೇಳಲೇಬೇಕು. ಕರಕರ ಸದ್ದಾಗಿ ಅವನ ದನಿ ಜಗಲಿ ತುಂಬಿತು. "ಮಾಂಯ್, ಈ ಸಲ ನಕ್ಷತ್ರದೊಳಗೆ ಮೇಣದ ಬತ್ತಿ ಇಡಬೇಡಿ, ಗಾಳಿಗೆ ಬೆಂಕಿ ಹಿಡಿದೀತು. ಕರೆಂಟಿನ ಬಲ್ಬೇ ಹಾಕಿ. ಏಣಿ ಹತ್ತುವಾಗ ಹುಷಾರು, ನಿಮಗೆ ವಯಸ್ಸಾಯ್ತು."

ಜುಲಿಯಾನಾ ಕಂಬ ಹಿಡಿದುಕೊಂಡಳು. ಕೂಗಿಬಿಡುತ್ತೇನೆಂದೇ ಅವಳಿಗೆ ಅನ್ನಿಸಿತು. ಹೊಟ್ಟೆಯೊಳಗಿಂದ ಎದ್ದ ಕೂಗು ಗಂಟಲಿಗೆ ಬಂದು ನಿಂತೇಬಿಟ್ಟಿತ್ತು. ಎದುರಿಗೆ ಲಿಡ್ವಿನ್ ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತ ಕೂತಿದ್ದಳು.

ಅವಳತ್ತ ನೋಡಲಾರದೆ ಜುಲಿಯಾನಾ ಗೋದಲಿಯನ್ನು ನೋಡಿದಳು. ಬೊಂಬೆಗಳ ಮೇಲೆ ಬೆಳಕು ಬಂದು ಹೋಗುತ್ತಿತ್ತು. ಮೂಗು ಚಕ್ಕೆ ಎದ್ದ ಮರಿಯಾ ಮಾತೆ, ಮುಂದೆ ಮೊಣಕಾಲೂರಿದ ಮೂವರು ರಾಯರು. ಅವಳು ಚಿಕ್ಕವಳಿದ್ದಾಗ ದೊತೊರ್ನ್, ಅಂದರೆ ಇಗರ್ಜಿಯ ಧರ್ಮಪಾಠ, ಕಲಿಸುವ ಮಾಸ್ತರರು ಹೇಳಿಕೊಟ್ಟದ್ದು ನೆನಪಿತ್ತು: ಒಬ್ಬ ತಂದದ್ದು ಚಿನ್ನ, ಒಬ್ಬ ಧೂಪ, ಮೂರನೆಯವನು ಬೋಳ. ಬೋಳವೆಂದರೆ ಹೆಣಕ್ಕೆ ಹಚ್ಚುವ ಸುಗಂಧ. ಅಷ್ಟು ವರ್ಷ ಅವಳು ಅದನ್ನು ಗಿಣಿಪಾಠ ಒಪ್ಪಿಸಿದ್ದಳೇ ಹೊರತು, ಬಾಣಂತಿಯ ಮನೆಗೆ ಇದನ್ನು ಯಾಕೆ ತಂದನೆಂದು ಕೇಳಿಕೊಂಡವಳಲ್ಲ. ಈಗ ಕೇಳಿಕೊಂಡಳು. ಹೊಸ ಕೂಸಿನ ಮುಂದೆ ಸಾವಿನ ಡಬ್ಬಿ ತಂದಿಟ್ಟಾಗ ಆ ತಾಯಿಗೆ ಗೊತ್ತಾಗದೆ ಇದ್ದೀತೇ? ಗೊತ್ತಾಯಿತು. ಅವನನ್ನು ಹೊರಗೆ ಕಳಿಸಲಿಲ್ಲ. ಡಬ್ಬಿಯನ್ನು ತೆಗೆದುಕೊಂಡು ಕೂಸಿನ ಕಣ್ಣಿಗೆ ಬೀಳದ ಕಡೆ ಎತ್ತಿಟ್ಟು, ಮತ್ತೆ ಬಂದು ತೊಟ್ಟಿಲು ತೂಗಿರಬೇಕು. ಹಬ್ಬವೆಂದರೆ ಅದೇ ಇರಬೇಕು. ದೇವರು ಎಲ್ಲಿದ್ದಾನೆಂದು ಪಾದ್ರಿಯನ್ನು ಕೇಳಿದ್ದು ಎಂಥ ಮಂಕುತನ ಎನ್ನಿಸಿತು. ಗಂಟಲಿನ ಕೂಗನ್ನು ಅವಳು ನುಂಗಿದಳು. ಅದು ಕಲ್ಲು ನುಂಗಿದ ಹಾಗೆ ಕೆಳಗಿಳಿಯಿತು.

"ಮಾಂಯ್, ಒಂದು ಮಾತು ಕೇಳಲಾ?" ಕ್ಯಾಸೆಟ್ ಮುಗಿದಿತ್ತು. "ಸೆಸಿಲ್ ಮಾವ್ಶಿಯ ತಟ್ಟೆಗೆ ನಿಜವಾಗಿ ಸಕ್ಕರೆ ಹಾಕಿದಿರಾ? ಕಿಟಕಿಯಿಂದ ನೋಡುವಾಗ ಖಾಲಿ ತಟ್ಟೆ ಕಂಕುಳಲ್ಲಿ ಇದ್ದ ಹಾಗೆ ಕಂಡಿತು."

ಲಿಡ್ವಿನ್ ಸಹಜವಾಗಿಯೇ ಕೇಳಿದ್ದಳು. ಆದರೆ ಕಣ್ಣು ಸಹಜವಾಗಿರಲಿಲ್ಲ. ಅವಳೂ ಇದೇ ಮಣ್ಣಿನವಳು, ಅವಳಿಗೂ ಖಾಲಿ ತಟ್ಟೆಯ ಅರ್ಥ ಗೊತ್ತು.

"ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ದಾರಿಯಲ್ಲಿ ಚೆಲ್ಲುತ್ತದಂತೆ. ಜಿಪುಣಿಯ ಬುದ್ಧಿ!" ಜುಲಿಯಾನಾ ಸೀರೆ ಎತ್ತಿ ಕಟ್ಟಿದಳು. "ನಾಳೆ ಬಾಣಲೆ ಇಡ್ತೇನೆ. ಅವಳು ತಂದ ನೆವ್ರಿಗೆ ಉಪ್ಪೂ ಇಲ್ಲ, ಸಿಹಿಯೂ ಇಲ್ಲ."

ಮರುದಿನ ಅವಳು ಬೆಳಿಗ್ಗೆಯೇ ಒಲೆಗೆ ಹಸಿ ಗೇರುಕಟ್ಟಿಗೆ ಹಾಕಿ ಹೊಗೆಯೆಬ್ಬಿಸಿದಳು. ಸಾವಾದ ಮನೆಯಲ್ಲಿ ಎಣ್ಣೆ ಕಾಯಿಸಬಾರದೆಂಬ ಮಾತನ್ನು ಅವಳು ಯಾರದೋ ಮನೆಯಲ್ಲಿ ತಾನೇ ನಿಂತು ನಡೆಸಿಕೊಟ್ಟವಳು. ಈಗ ಎಣ್ಣೆ ಚುಂಯ್‌ಗುಟ್ಟುತ್ತಿದ್ದದ್ದು ಅವಳದೇ ಬಾಣಲೆಯಲ್ಲಿ. ಒಂದೊಂದು ನೆವ್ರಿಯನ್ನೂ ಮಗನ ಮೇಲೆ ಮಣ್ಣು ಹಾಕಿದ ಹಾಗೆ ಎಣ್ಣೆಗೆ ಬಿಟ್ಟಳು, ಕಣ್ಣಿಂದ ನೀರು ಸುರಿಯಿತು. "ಎಂಥ ಹೊಗೆ ಮಾಂಯ್!" ಎಂದು ಲಿಡ್ವಿನ್ ಒಳಗಿನಿಂದ ಕೆಮ್ಮಿದಳು. "ಕಟ್ಟಿಗೆ ಹಸಿ, ನೀನು ಈಚೆ ಬರಬೇಡ" ಎಂದು ಇವಳು ಕೂಗಿ ಹೇಳಿದಳು. ಹೊಗೆ ಇಳಿಯುವ ತನಕ ಮನಸಾರೆ ಅತ್ತಳು. ಆಮೇಲೆ ಏಣಿ ಹತ್ತಿ ನಕ್ಷತ್ರ ಕಟ್ಟಿದಳು.

ಆ ಸಂಜೆ ಪದ ಹಾಡುವವರು ವಾಡೆಗೆ ಬಂದರು. ಯುವಕರ ದಂಡು, ಪೆಟ್ರೋಮ್ಯಾಕ್ಸ್, ಡೋಲು, ಹತ್ತಿಯ ಗಡ್ಡದ ಸಾಂತಾಕ್ಲಾಸ್. ಸಾಂತಾಕ್ಲಾಸ್ ಆಗುವವನು ಸಿರಿಲ್. ಲಿಗೋರಿಯೂ ಅವನೂ ಒಂದೇ ಬೆಂಚಿನಲ್ಲಿ ಕಲಿತವರು. ಸೆಸಿಲಳ ಅಂಗಳದಲ್ಲಿ ಡೋಲಿನ ಸದ್ದು, ಕೇಕೆ ಕೇಳಿಸಿತು. ಲಿಡ್ವಿನ್ ಕುರ್ಚಿ ಎಳೆಸಿಕೊಂಡು ಜಗಲಿಯಲ್ಲಿ ಕಾದು ಕೂತಳು.

ಬೇಲಿಯ ತಡಮೆಯ ಬಳಿ ಡೋಲು ನಿಂತಿತು. ಬೆಳಕು ಮಾತ್ರ ಗೇರುಮರಗಳ ನಡುವಿನಿಂದ ಮೆಲ್ಲಗೆ ಬಂತು. ಮುಂದೆ ಗುರ್ಕಾರರು, ಹಿಂದೆ ಹುಡುಗರು ಸಾಲಾಗಿ, ಯಾರೂ ಮಾತಾಡದೆ ಅಂಗಳದಲ್ಲಿ ನಿಂತರು. ಹಾಡೂ ಮೆಲ್ಲನೆ ಶುರುವಾಯಿತು. ದನಿ ಎಳೆದೆಳೆದು ಹಾಡುತ್ತಿದ್ದರು, ಮಸಣದ ದಾರಿಯಲ್ಲಿ ಹಾಡುವ ರೀತಿಯಲ್ಲಿ. ಸಾಂತಾಕ್ಲಾಸ್ ಕುಣಿಯಲಿಲ್ಲ.

"ಮಾಂಯ್." ಲಿಡ್ವಿನ್‌ಳ ದನಿ ಸಣ್ಣಗಾಗಿತ್ತು. "ಸೆಸಿಲ್ ಮಾವ್ಶಿಯ ಮನೆಯಲ್ಲಿ ಬಡಿದರಲ್ಲ. ನಮ್ಮಲ್ಲಿ ಯಾಕೆ ಡೋಲು ಬಡಿಯುವುದಿಲ್ಲ?" ಅವಳ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದವು. ಇನ್ನೊಂದು ಕೈ ಹೊಟ್ಟೆಯ ಕೆಳಭಾಗಕ್ಕೆ ಹೋಗಿತ್ತು.

ಜುಲಿಯಾನಾ ಕುಸ್ವಾರಿನ ತಟ್ಟೆ ಎತ್ತಿಕೊಂಡು ದಡದಡ ಅಂಗಳಕ್ಕಿಳಿದಳು.

"ಏನು ಗುರ್ಕಾರ್ರೆ, ಸೆಸಿಲಳ ಚಕ್ಕುಲಿ ಕಚ್ಚಿ ಹಲ್ಲು ಮುರಿದವಾ ಎಲ್ಲರದ್ದು? ದನಿಯೇ ಇಲ್ಲ! ಡೋಲು ಎಲ್ಲಿ ಉಂಟು?"

"ಹಾಗಲ್ಲ ಬಾಯಿ..." ಗುರ್ಕಾರರು ಪಿಸುಗುಟ್ಟಿದರು. "ಡಾಕ್ಟರಮ್ಮ ಶಬ್ದ ಬೇಡ ಅಂದಿದ್ದಾರಂತೆ, ಹಾಗೆ..."

"ತೆಗೆದುಕೊಳ್ಳಿ." ತಟ್ಟೆಯನ್ನು ಅವರ ಎದೆಗೆ ತಾಗಿಸಿ ಹಿಡಿದಳು. ಗುರ್ಕಾರರ ಕೈ ಮೇಲೇಳಲಿಲ್ಲ. ನೆವ್ರಿಯನ್ನು ನೋಡಿದರು, ಅವಳ ಮುಖ ನೋಡಿದರು. "ನನ್ನ ಒಲೆಯಲ್ಲಿ, ನಾನೇ ಕರಿದದ್ದು" ಎಂದಳು ಜುಲಿಯಾನಾ, ಅವರಿಗೆ ಮಾತ್ರ ಕೇಳುವಂತೆ. "ಎಲ್ಲ ಗೊತ್ತಿದ್ದೇ ಕರಿದದ್ದು. ತಿನ್ನಿ. ಅವಳು ನೋಡ್ತಾ ಇದ್ದಾಳೆ."

ಗುರ್ಕಾರರ ಗಡ್ಡ ಅದುರಿತು. ಅವರು ನೆವ್ರಿ ತೆಗೆದು ಬಾಯಿಗಿಟ್ಟುಕೊಂಡು ಅಗಿದರು, ಅಗಿದರು, ನುಂಗಿದರು. ಮತ್ತೆ ಹಿಂದಕ್ಕೆ ತಿರುಗಿ, ಗಂಟಲು ಹರಿದುಹೋಗುವ ಹಾಗೆ, "ಬಡಿಯಿರಿ ಮಕ್ಕಳೇ!" ಎಂದರು.

ಡೋಲು ಒಮ್ಮೆ ತಡವರಿಸಿ ಎದ್ದಿತು. ಅಂಗಳವೇ ನಡುಗುವ ಹಾಗೆ ಬಡಿದರು. ಸಿರಿಲ್ ಕುಣಿದ, ಬೀಳುವಂತೆ ಕುಣಿದ, ಜುಲಿಯಾನಾಳ ಎರಡೂ ಕೈ ಹಿಡಿದು ಅವಳನ್ನೂ ತಿರುಗಿಸಿದ. ನಗುವ ಮುಖವಾಡದ ಕೆಳಗೆ ಹತ್ತಿಯ ಗಡ್ಡ ಒದ್ದೆಯಾಗಿ ಕುತ್ತಿಗೆಗೆ ಅಂಟಿಕೊಂಡಿತ್ತು. "ಅಳಬೇಡ ಪುತಾ, ಕುಣಿ" ಎಂದು ಅವಳು ಅವನ ಕಿವಿಯ ಹತ್ತಿರ ಹೇಳಿದಳು.

"ಮಾಂಯ್! ಮಾಂಯ್, ಬನ್ನಿ ಬೇಗ!"

ಜುಲಿಯಾನಾ ಸಿರಿಲನ ಕೈ ಬಿಡಿಸಿಕೊಂಡಳು. ಓಡಿ ಜಗಲಿ ಹತ್ತಿದಳು. ಲಿಡ್ವಿನ್ ನಗುತ್ತಿದ್ದಳು. ಅವಳು ಅತ್ತೆಯ ಕೈ ಸೆಳೆದು ಹೊಟ್ಟೆಯ ಮೇಲೆ ಒತ್ತಿಕೊಂಡಳು. ಒಳಗೆ, ಡೋಲಿನ ಪೆಟ್ಟಿಗೆ ಸರಿಯಾಗಿ ಅಲ್ಲ, ತನ್ನದೇ ಲೆಕ್ಕದಲ್ಲಿ ಮಗು ಒದೆಯುತ್ತಿತ್ತು.

"ನೋಡಿ, ನಿಮ್ಮ ಮಗನ ಹಾಗೆಯೇ. ಡೋಲು ಕೇಳಿದರೆ ನಿಲ್ಲಲಿಕ್ಕಾಗುವುದಿಲ್ಲ" ಎಂದಳು ಲಿಡ್ವಿನ್. ಆಮೇಲೆ ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟು ತಿಕ್ಕತೊಡಗಿದಳು. "ನಿಮ್ಮ ಕೈ ಯಾಕೆ ಇಷ್ಟು ತಣ್ಣಗೆ, ಮಾಂಯ್?"

"ಚಳಿಯಲ್ಲವಾ," ಎಂದಳು ಜುಲಿಯಾನಾ. ಕೈಯನ್ನು ಬಿಡಿಸಿಕೊಳ್ಳಲಿಲ್ಲ.